ಕಾಲೋ, ಕೋಲೋ, ಕೂಲಿಯೋ?

(ಪಿಯುಸಿ ಮುಗಿಸಿ ಬೈಬಲ್ ಕಾಲೇಜಿಗೆ ಹೋಗಬೇಕೆಂದಿರುವ ಮಕ್ಕಳಿಗೂ ಅವರ ಮನೆಯವರಿಗೂ ಬಳ್ಳಾರಿಯ ಒಂದು ಚರ್ಚಿನ ಹಾಲಿನಲ್ಲಿ ಆಡಿದ ಮಾತು. ರೆಕಾರ್ಡಿಂಗ್ ಕೇಳಿ ಬರೆದದ್ದು.)

ಬೋರ್ಡಿನ ಮೇಲೆ ಎರಡು ಅಕ್ಷರ ಬರೆದಿದ್ದೇನೆ. ಕ್, ಲ್. ಇಳಿ ಇಲ್ಲ, ಕೊಂಬಿಲ್ಲ, ಗುಡಿಸಿಲ್ಲ. ಓದಿ ನೋಡೋಣ.

ಯಾರೋ ಕಾಲು ಅಂದಿರಿ. ಇನ್ನೊಬ್ಬರು ಕೋಲು. ಹಿಂದಿನ ಸಾಲಿನಿಂದ ಕೂಲಿ ಬಂತು. ಕಲೆ, ಕೀಲಿ, ಕೊಲೆ. ಎಲ್ಲವೂ ಸರಿ. ಈಗ ಇದರ ಆಚೀಚೆ ಒಂದೆರಡು ಮಾತು ಸೇರಿಸುತ್ತೇನೆ. ಮುದುಕ 'ಕ್-ಲ್' ಊರಿಕೊಂಡು ಬಂದ. ಈಗ ಎಲ್ಲರೂ ಕೋಲು ಅನ್ನುತ್ತೀರಿ. ಸಂಜೆ ಗೌಡರು 'ಕ್-ಲ್' ಕೊಟ್ಟರು. ಈಗ ಕೂಲಿ. ನಾನು ಅಕ್ಷರ ಬದಲಿಸಿಲ್ಲ. ನೀವೇ ಸುತ್ತಮುತ್ತ ನೋಡಿ ಓದಿದಿರಿ.

ಬೈಬಲಿನ ಮೊದಲ ಭಾಗ ಹಳೆ ಒಡಂಬಡಿಕೆ. ಅದನ್ನು ಹೀಬ್ರೂ ಭಾಷೆಯಲ್ಲಿ ಬರೆದದ್ದು ಹೆಚ್ಚುಕಡಿಮೆ ಹೀಗೇ. ನಮ್ಮ ಸತ್ಯವೇದದಲ್ಲಿ, ಅಂದರೆ ಕನ್ನಡ ಬೈಬಲಿನಲ್ಲಿ, ಆ ಭಾಷೆಯನ್ನೇ ಇಬ್ರಿಯ ಅನ್ನುತ್ತಾರೆ. 22 ಅಕ್ಷರ, ಎಲ್ಲವೂ ವ್ಯಂಜನ. ಕೆಲವು ಕಡೆ ಒಂದೆರಡು ಅಕ್ಷರವನ್ನೇ ಸ್ವರದ ಗುರುತಾಗಿ ಇಡುತ್ತಿದ್ದರು, ಅಷ್ಟೇ. ಉಳಿದದ್ದು ಓದುವವನ ಬಾಯಲ್ಲಿ ಇರುತ್ತಿತ್ತು. ಅಪ್ಪ ಓದಿದ ಹಾಗೆ ಮಗ ಓದುತ್ತಿದ್ದ. ಆಮೇಲೆ ಕ್ರಿಸ್ತಶಕ 7ರಿಂದ 10ನೇ ಶತಮಾನದ ಹೊತ್ತಿಗೆ ಮಸೊರೇಟರು ಅನ್ನುವ ಯೆಹೂದಿ ಪಂಡಿತರು ಅಕ್ಷರದ ಮೇಲೆ ಕೆಳಗೆ ಚುಕ್ಕೆ, ಗೆರೆ ಹಾಕಿ ಉಚ್ಚಾರ ಗುರುತು ಮಾಡಿದರು. ಒಂದು ಅಕ್ಷರವನ್ನೂ ಮುಟ್ಟಲಿಲ್ಲ. ಬರೀ ಚುಕ್ಕೆ. ನನಗೆ ಆ ಜನರ ಮೇಲೆ ತುಂಬ ಗೌರವ. ತಿದ್ದುವ ಅವಕಾಶ ಇದ್ದೂ ಕೈ ಕಟ್ಟಿಕೊಂಡವರು ಅವರು.

ಇದರಿಂದ ಏನಾಗುತ್ತೆ ಅಂತ ಒಂದು ಉದಾಹರಣೆ. ಬೈಬಲಿನ ಮೊದಲ ಪುಸ್ತಕ ಆದಿಕಾಂಡ, ಅದರ 47ನೇ ಅಧ್ಯಾಯದ ಕೊನೆಯಲ್ಲಿ ಮುದುಕ ಯಾಕೋಬ ಸಾಯುವ ಮೊದಲು ತಲೆಬಾಗುತ್ತಾನೆ. ಎಲ್ಲಿ? ಹೀಬ್ರೂ ಓದಿನ ಪ್ರಕಾರ ಹಾಸಿಗೆಯ ತಲೆದೆಸೆಯಲ್ಲಿ. ಈಗ ಹೊಸ ಒಡಂಬಡಿಕೆಯಲ್ಲಿ ಇಬ್ರಿಯರಿಗೆ ಬರೆದ ಪತ್ರಿಕೆಯ, ಅಂದರೆ ಕಾಗದದ, 11ನೇ ಅಧ್ಯಾಯ ತೆಗೆಯಿರಿ. ಅಲ್ಲಿ ಇದೇ ಯಾಕೋಬ ಕೋಲಿನ ಮೇಲೆ ಬಾಗುತ್ತಾನೆ. ಹಾಸಿಗೆ ಎಲ್ಲಿ, ಕೋಲು ಎಲ್ಲಿ? ಗುಟ್ಟು ಇಷ್ಟೇ. ಹೀಬ್ರೂದಲ್ಲಿ ಹಾಸಿಗೆಗೆ 'ಮಿಟ್ಟಾ', ಕೋಲಿಗೆ 'ಮಟ್ಟೆ'. ವ್ಯಂಜನ ಎರಡಕ್ಕೂ ಒಂದೇ. ಕ್ರಿಸ್ತಪೂರ್ವದಲ್ಲೇ ಹಳೆ ಒಡಂಬಡಿಕೆಯನ್ನು ಗ್ರೀಕಿಗೆ ತಂದವರು 'ಮಟ್ಟೆ' ಅಂತ ಓದಿಕೊಂಡರು. ಪತ್ರಿಕೆ ಬರೆದವರ ಕೈಯಲ್ಲಿ ಇದ್ದದ್ದು ಆ ಗ್ರೀಕ್ ಬೈಬಲ್. ಚುಕ್ಕೆ ಹಾಕಿದವರು 'ಮಿಟ್ಟಾ' ಅಂತ ಓದಿದರು. ಯಾರೂ ಸುಳ್ಳು ಹೇಳಲಿಲ್ಲ. ನೀವು ಈಗ ಕಾಲು, ಕೋಲು ಅಂತ ಕೂಗಿದಿರಲ್ಲ, ಹಾಗೇ.

ಬೈಬಲ್ ಓದು ಅಂದರೆ ಇಂಥಾ ಜಾಗದಲ್ಲಿ ನಿಲ್ಲುವುದು. ಓಡದೆ ನಿಲ್ಲುವುದು. ಇವತ್ತು ನನಗೆ ಹೇಳಬೇಕಾದದ್ದು ಇದೊಂದೇ.

ನಾನು ರಾಯಚೂರು ಜಿಲ್ಲೆಯ ಮಸ್ಕಿ ಕಡೆಯವನು. ಪಾಸ್ಟರ್ ಆಗಲಿಕ್ಕೆ ಓದುವ ಸೆಮಿನರಿಗೆ ಹೋಗುವಾಗ ತಲೆಯಲ್ಲಿ ಏನಿತ್ತು ಗೊತ್ತಾ? ದೊಡ್ಡ ಸ್ಟೇಜು, ದೊಡ್ಡ ಮೈಕು, ಎದುರಿಗೆ ಸಾವಿರ ಜನ. ಮೊದಲ ವಾರ ಕೂರಿಸಿ ಗ್ರೀಕಿನ 24 ಅಕ್ಷರ ತಿದ್ದಿಸಿದರು. ಆಲ್ಫಾ, ಬೀಟಾ, ಗಾಮಾ. ದೇವರ ಕರೆ ಬಂದಿದೆ ಅಂತ ಮನೆ ಬಿಟ್ಟು ಬಂದವನಿಗೆ ಅ ಆ ಇ ಈ ಕಲಿಸುತ್ತಾರಲ್ಲಪ್ಪ ಅಂತ ಸಿಟ್ಟು. ಮನೆಗೆ ಫೋನ್ ಮಾಡಿ ಸುಮ್ನೆ ಬಂದುಬಿಡ್ತೀನಿ ಅಂದಿದ್ದೆ. ಅವ್ವ ಕೇಳಿದಳು, "ಬಸ್ ಚಾರ್ಜಿಗೆ ರೊಕ್ಕ ಐತೇನು?" ಇರಲಿಲ್ಲ. ಉಳಿದೆ.

ಮಸ್ಕಿ ಅಂದ ಮೇಲೆ ಒಂದು ಅಡ್ಡಮಾತು. ನಮ್ಮೂರ ಗುಡ್ಡದ ಬಂಡೆಯ ಮೇಲೆ ಅಶೋಕನ ಶಾಸನ ಇದೆ. 1915ರಲ್ಲಿ ಅದು ಬೆಳಕಿಗೆ ಬಂತು. 'ದೇವಾನಾಂಪ್ರಿಯ' ಅನ್ನುವ ರಾಜ ಯಾರು ಅನ್ನುವುದಕ್ಕೆ ಅಲ್ಲಿ 'ಅಶೋಕ' ಅಂತ ಹೆಸರೇ ಸಿಕ್ಕಿತು. ಕೊಪ್ಪಳದ ಗವಿಮಠದಲ್ಲಿ, ಪಾಲ್ಕಿಗುಂಡಿನಲ್ಲಿ, ನಿಮ್ಮ ಬಳ್ಳಾರಿ ಸೀಮೆಯ ನಿಟ್ಟೂರು, ಉದೇಗೊಳದಲ್ಲಿ ಅದೇ ರಾಜನ ಮಾತುಗಳಿವೆ. ಚಿಕ್ಕವನಿದ್ದಾಗ ಆ ಗುಡ್ಡ ನಮಗೆ ಆಡು ಮೇಯಿಸುವ ಜಾಗ. ಅಕ್ಷರ ಅಂತ ಗೊತ್ತು, ಏನಕ್ಷರ ಅಂತ ಗೊತ್ತಿಲ್ಲ.

ಸೆಮಿನರಿಯ ಎರಡನೇ ವರ್ಷ ಲೈಬ್ರರಿಯಲ್ಲಿ ಒಂದು ಫೋಟೋ ನೋಡಿದೆ. ಅಫಘಾನಿಸ್ತಾನದ ಕಂದಹಾರದಲ್ಲಿ 1958ರಲ್ಲಿ ಸಿಕ್ಕ ಶಾಸನ. ಬರೆಸಿದವನು ಅದೇ ಅಶೋಕ. ಭಾಷೆ ಯಾವುದು? ಮೇಲೆ ಗ್ರೀಕ್, ಕೆಳಗೆ ಅರಾಮಿಕ್. ನಾನು ಕುರ್ಚಿಯಲ್ಲಿ ನೆಟ್ಟಗೆ ಕೂತೆ. ಗ್ರೀಕ್ ಹೊಸ ಒಡಂಬಡಿಕೆಯ ಭಾಷೆ. ಅರಾಮಿಕ್ ಯೇಸು ಮನೆಯಲ್ಲಿ ಆಡಿದ ಭಾಷೆ. ದಾನಿಯೇಲ, ಎಜ್ರ ಪುಸ್ತಕಗಳ ಕೆಲವು ಭಾಗ ಅರಾಮಿಕ್‌ನಲ್ಲೇ ಇವೆ. 'ತಲಿಥಾ ಕೂಮ್', ಹುಡುಗಿ ಏಳು, ಅಂತ ಯೇಸು ಒಬ್ಬ ಸತ್ತ ಹುಡುಗಿಯನ್ನು ಎಬ್ಬಿಸಿದ ಮಾತು ಅದೇ ಭಾಷೆಯದು. ನಾನು ಆಡು ಮೇಯಿಸಿದ ಬಂಡೆಯ ರಾಜ, ಯೇಸುವಿಗಿಂತ ಇನ್ನೂರು ಇನ್ನೂರೈವತ್ತು ವರ್ಷ ಮೊದಲೇ, ಈ ಎರಡೂ ಭಾಷೆಯಲ್ಲಿ ಕಲ್ಲು ಕೆತ್ತಿಸಿದ್ದ.

ಅದಕ್ಕಿಂತ ದೊಡ್ಡದು ಇನ್ನೊಂದಿದೆ. ಅಶೋಕನ 'ಧಮ್ಮ' ಅನ್ನುವ ಮಾತಿಗೆ ಆ ಗ್ರೀಕಿನಲ್ಲಿ ಏನು ಹಾಕಿದ್ದಾರೆ? 'ಎವ್ಸೆಬಿಯಾ'. ತಿಮೊಥೆಯನಿಗೆ ಬರೆದ ಪತ್ರಿಕೆಯಲ್ಲಿ ಮತ್ತೆ ಮತ್ತೆ ಬರುವ ಮಾತು ಅದು. ನಾವು ಕನ್ನಡದಲ್ಲಿ ಅದನ್ನು ಭಕ್ತಿ ಅಂತ ಓದುತ್ತೇವೆ. ಈಗ ಹೇಳಿ, ಶರಣರು ದಾಸರು ಓಡಾಡಿದ ಈ ನೆಲದಲ್ಲಿ ಭಕ್ತಿ ಅಂದರೆ ಕೇಳುವವನ ಮನಸ್ಸಿನಲ್ಲಿ ಏನೆಲ್ಲ ಬರುತ್ತೆ? ಧರ್ಮ ಅಂದಿದ್ದರೆ ಏನು ಬರುತ್ತಿತ್ತು? ಒಂದು ಮಾತು ಮೂರು ಊರು ಸುತ್ತಿ ಬಂದಿದೆ. ಇದನ್ನು ಯೋಚನೆ ಮಾಡುತ್ತ ನಾನು ಒಂದು ವಾರ ಕಳೆದಿದ್ದೇನೆ. ಪರೀಕ್ಷೆಗೆ ಅದು ಬರಲಿಲ್ಲ, ಆ ಮಾತು ಬೇರೆ.

ಮತ್ತೆ ನೋಡಿ, ಕಂದಹಾರದ ಜನಕ್ಕೆ ಅವರ ಭಾಷೆಯಲ್ಲಿ ಬರೆಸಿದ ರಾಜ ನಮಗೆ ಪ್ರಾಕೃತದಲ್ಲೇ ಬರೆಸಿದ. ಮಸ್ಕಿಯಲ್ಲಿ ಆಗ ಆಡು ಕಾಯುತ್ತಿದ್ದವನಿಗೆ ಅದು ಅರ್ಥವಾಗುತ್ತಿತ್ತಾ? ಯಾರಾದರೂ ಓದಿ ಹೇಳಬೇಕಿತ್ತು. ಪಾಸ್ಟರ್ ಕೆಲಸ ಶುರುವಾಗುವುದೇ ಅಲ್ಲಿ ಅಂತ ನನಗನ್ನಿಸುತ್ತೆ.

ಸರಿ, ಹೀಬ್ರೂಗೆ ಬರೋಣ. ಬಲದಿಂದ ಎಡಕ್ಕೆ ಓದಬೇಕು ಅಂತ ಕೆಲವರಿಗೆ ಭಯ. ರಾಯಚೂರಿನವರಿಗೆ, ಬಳ್ಳಾರಿಯವರಿಗೆ ಅದು ಹೊಸದೇನಲ್ಲ. ಉರ್ದು ಬೋರ್ಡು ನೋಡುತ್ತಲೇ ಬೆಳೆದಿದ್ದೀರಿ. ಇನ್ನೂ ಹೇಳಬೇಕೆಂದರೆ, ಹೀಬ್ರೂ ನಿಮ್ಮ ಬಾಯಲ್ಲಿ ಆಗಲೇ ಅರ್ಧ ಇದೆ. ಹೀಬ್ರೂ, ಅರಬ್ಬಿ, ಅರಾಮಿಕ್ ಒಂದೇ ಮನೆತನದ ಭಾಷೆಗಳು. ಮೂರು ವ್ಯಂಜನದ ಒಂದು ಬೇರು, ಅದರಿಂದ ಹತ್ತಾರು ಮಾತು. ನಾವು ದಿನಾ ಆಡುವ ಎಷ್ಟೋ ಅರಬ್ಬಿ ಮಾತು ಉರ್ದುವಿನಿಂದ ಬಂದದ್ದು. ಸಲಾಂ, ಅಲ್ಲಿ ಶಾಲೋಂ. ಮಾಲೀಕ, ಅಲ್ಲಿ ಮೆಲೆಖ್, ಅಂದರೆ ರಾಜ. ಕಿತಾಬು, ಅಲ್ಲಿ ಕಾತವ್, ಬರೆದ. ಕುರ್ಬಾನಿ ಗೊತ್ತಲ್ಲ? ಮಾರ್ಕನ ಸುವಾರ್ತೆಯ 7ನೇ ಅಧ್ಯಾಯದಲ್ಲಿ ಯೇಸು 'ಕೊರ್ಬಾನ್' ಅನ್ನುತ್ತಾನೆ. ಅಪ್ಪ ಅವ್ವನಿಗೆ ಕೊಡಬೇಕಾದದ್ದನ್ನು ದೇವರಿಗೆ ಮುಡಿಪು ಅಂತ ಹೇಳಿ ತಪ್ಪಿಸಿಕೊಳ್ಳುವವರನ್ನು ಬೈಯುವ ಜಾಗ ಅದು.

ಇವೆಲ್ಲಕ್ಕಿಂತ ನನಗೆ ಇಷ್ಟವಾದದ್ದು ಹಿಸಾಬು. ಆದಿಕಾಂಡ 15:6. ಅಬ್ರಹಾಮ ನಂಬಿದ, ದೇವರು ಅದನ್ನು ನೀತಿ ಅಂತ ಎಣಿಸಿದ. ಅಲ್ಲಿ 'ಎಣಿಸಿದ' ಅನ್ನುವ ಹೀಬ್ರೂ ಮಾತಿನ ಬೇರು 'ಹ-ಶ-ಬ'. ಅದರ ಅರಬ್ಬಿ ತಂಗಿ 'ಹ-ಸ-ಬ', ಅಂದರೆ ನಮ್ಮ ಹಿಸಾಬು. ರೋಮಾಪುರದವರಿಗೆ ಬರೆದ ಪತ್ರಿಕೆಯ 4ನೇ ಅಧ್ಯಾಯದಲ್ಲಿ ಅದನ್ನು ಬರೆದ ಪೌಲ ಇದೇ ವಾಕ್ಯ ಎತ್ತಿಕೊಂಡು ಹಾಕುವ ಗ್ರೀಕ್ ಮಾತೂ ಲೆಕ್ಕಪತ್ರದ್ದೇ. ಅದೇ ಉಸಿರಿನಲ್ಲಿ ಕೂಲಿಯ ಮಾತು ತೆಗೆಯುತ್ತಾನೆ. ದುಡಿದವನಿಗೆ ಕೊಟ್ಟದ್ದು ಕೂಲಿ, ದಾನವಲ್ಲ ಅನ್ನುತ್ತಾನೆ. ನಾನು ಕಾಲೇಜಿನಲ್ಲಿ ಇದನ್ನು ದೊಡ್ಡ ದೊಡ್ಡ ಪದದಲ್ಲಿ ಬರೆದು ಒಳ್ಳೆ ಮಾರ್ಕ್ಸ್ ತಗೊಂಡೆ. ಊರಿಗೆ ಬಂದು ಅದೇ ಪದದಲ್ಲಿ ಹೇಳಿದೆ, ಯಾರ ಮುಖವೂ ಅಲುಗಲಿಲ್ಲ. ಆಮೇಲೊಂದು ದಿನ ಕಿರಾಣಿ ಅಂಗಡಿಯ ಉದ್ರಿ ಪುಸ್ತಕ ತೋರಿಸಿ, ನೀವು ಕೆಲಸವನ್ನೇ ಮಾಡಿಲ್ಲ, ಆದರೂ ನಿಮ್ಮ ಹೆಸರಿಗೆ ಜಮಾ ಬಿದ್ದಿದೆ ಅಂದೆ. ಒಬ್ಬ ಅಜ್ಜ ಕೇಳಿದ, "ಯಾರ ಖಾತೆದಿಂದ ಬಿತ್ತು?" ಆ ಪ್ರಶ್ನೆಗೆ ಉತ್ತರ ಕೊಡಲಿಕ್ಕೆ ಪೌಲ ಮುಂದಿನ ಅಧ್ಯಾಯಗಳನ್ನೆಲ್ಲ ಬರೆದಿದ್ದಾನೆ.

ನಾನು ಹೇಳುತ್ತಿರುವುದು ಗೊತ್ತಾಗುತ್ತಿದೆಯಲ್ಲ? ಹೀಬ್ರೂ, ಗ್ರೀಕ್ ಕಲಿಯಲಿಕ್ಕೆ ನಿಮ್ಮೂರ ಕನ್ನಡ ಮರೆಯಬೇಕಿಲ್ಲ. ಅದೇ ನಿಮ್ಮ ಬಂಡವಾಳ.

ಹೀಬ್ರೂದಲ್ಲಿ ಒತ್ತಿ ಹೇಳಬೇಕಾದರೆ ಕ್ರಿಯಾಪದವನ್ನು ಎರಡು ಸಲ ಹೇಳುತ್ತಾರೆ. ಏದೆನ್ ತೋಟದಲ್ಲಿ ಆ ಹಣ್ಣು ತಿಂದರೆ 'ಮೋತ್ ತಾಮೂತ್'. ಇಂಗ್ಲಿಷಿನವರು ಇದಕ್ಕೆ 'ಖಂಡಿತವಾಗಿ' ಅನ್ನುವಂಥ ಇನ್ನೊಂದು ಪದ ತಂದು ಅಂಟಿಸುತ್ತಾರೆ. ನಮಗೆ ಆ ತಾಪತ್ರಯ ಇಲ್ಲ. 'ಸತ್ತೇ ಸಾಯ್ತಿ'. ಮುಗೀತು. ಕ್ಲಾಸಿನಲ್ಲಿ ಬೇರೆ ರಾಜ್ಯದ ಹುಡುಗರು ಈ ನಿಯಮವನ್ನು ಬಾಯಿಪಾಠ ಮಾಡುತ್ತಿದ್ದರು, ನಾನು ನಗುತ್ತ ಕೂತಿದ್ದೆ.

ಇನ್ನು ರೂತಳ ಪುಸ್ತಕ. ಅದರ 2ನೇ ಅಧ್ಯಾಯ ಓದದೆ ನೀವು ಕಾಲೇಜಿನಿಂದ ಹೊರಗೆ ಬರುವುದಿಲ್ಲ. ವಿಧವೆ, ಪರದೇಶದವಳು, ಬೇರೆಯವರ ಹೊಲದಲ್ಲಿ ಹಕ್ಕಲು ಆಯಲು ಹೋಗುತ್ತಾಳೆ. ಹಕ್ಕಲು ಅಂದರೆ ಗೊತ್ತಲ್ಲ? ಕೊಯ್ಲಾದ ಮೇಲೆ ಹೊಲದಲ್ಲಿ ಬಿದ್ದ ತೆನೆ, ಬಿಡಿಸಿದ ಮೇಲೆ ಗಿಡದಲ್ಲಿ ಉಳಿದ ಹತ್ತಿ. ಯಾಜಕಕಾಂಡ 19ರಲ್ಲಿ ಹೊಲದ ಅಂಚನ್ನು ಪೂರ್ತಿ ಕೊಯ್ಯಬೇಡಿ, ಹಕ್ಕಲು ಆಯಬೇಡಿ, ಅದು ಬಡವರಿಗೂ ಪರದೇಶದವರಿಗೂ ಇರಲಿ ಅಂತ ಕಟ್ಟಳೆ ಇದೆ.

ಓದು ಮುಗಿಸಿ ಬಂದ ಹೊಸದರಲ್ಲಿ ಒಂದು ಹಳ್ಳಿಯ ಸಂಜೆ ಪ್ರಾರ್ಥನೆಗೆ ಹೋಗಿದ್ದೆ. ಹಕ್ಕಲು ಅಂದರೆ ಏನು, ಪ್ರಾಚೀನ ಇಸ್ರಾಯೇಲಿನ ಕೃಷಿ ಪದ್ಧತಿ ಏನು ಅಂತ ಹತ್ತು ನಿಮಿಷ ವಿವರಿಸಿದೆ. ಮುಂದೆ ಕೂತ ಹೆಂಗಸರು ಸೆರಗು ಬಾಯಿಗಿಟ್ಟು ನಗುತ್ತಿದ್ದರು. ಅವರಲ್ಲಿ ಅರ್ಧ ಜನ ಅವತ್ತು ಮಧ್ಯಾಹ್ನ ಮೆಣಸಿನಕಾಯಿ ಹೊಲದಲ್ಲಿ ಹಕ್ಕಲು ಆಯ್ದು ಬಂದವರು. ನಾನು ನಿಲ್ಲಿಸಿದೆ. ಒಬ್ಬ ಹೆಣ್ಣುಮಗಳು ಕೇಳಿದಳು, "ಅಯ್ಯನೋರೆ, ಆಕಿಗೆ ಸಿಕ್ಕಿದ್ದು ತಾನಾಗೇ ಬಿದ್ದದ್ದೋ, ಆತ ಬೇಕಂತ ಬೀಳಿಸಿದ್ದೋ?" ನಾನು ಇನ್ನೂ 16ನೇ ವಚನಕ್ಕೆ ಬಂದೇ ಇರಲಿಲ್ಲ. ಅಲ್ಲಿ ಹೊಲದ ಒಡೆಯ ಬೋವಜ ಆಳುಗಳಿಗೆ ಗುಟ್ಟಾಗಿ ಹೇಳುತ್ತಾನೆ, ಸಿವುಡಿನಿಂದ ಎಳೆದು ಬೀಳಿಸಿರಿ, ಆಯ್ದುಕೊಳ್ಳಲಿ, ಅವಳನ್ನು ಗದರಿಸಬೇಡಿ. ಹೀಬ್ರೂದಲ್ಲಿ ಆ 'ಎಳೆದು ಬೀಳಿಸಿ' ಅನ್ನುವುದೂ ಜೋಡಿ ಮಾತೇ, 'ಶೋಲ್ ತಾಶೋಲ್ಲು'. ಬೇಕಂತಲೇ ಮಾಡಿ ಅನ್ನುವ ಒತ್ತು. ಆ ಹೆಣ್ಣುಮಗಳಿಗೆ ಓದಲು ಬರುತ್ತಿರಲಿಲ್ಲ. ಆದರೆ ಕಥೆಯ ಜೀವ ಎಲ್ಲಿದೆ ಅಂತ ಗೊತ್ತಿತ್ತು. ಹಕ್ಕಲಲ್ಲಿ ದಿನಾ ಅದನ್ನೇ ನೋಡುತ್ತಿದ್ದವಳು. ಕೆಲವು ಹೊಲದವರು ಬೀಳಿಸುತ್ತಾರೆ, ಕೆಲವರು ಬೈದು ಓಡಿಸುತ್ತಾರೆ.

ಕಣ ತುಳಿಯುವ ಎತ್ತಿನ ಬಾಯಿ ಕಟ್ಟಬೇಡ ಅಂತ ಧರ್ಮೋಪದೇಶಕಾಂಡ 25ರಲ್ಲಿದೆ. ಎತ್ತಿನಿಂದ ತೆನೆ ತುಳಿಸುವ ಹಂತಿ ನೋಡಿದವರಿಗೆ ಅದಕ್ಕೆ ಅಡಿಟಿಪ್ಪಣಿ ಬೇಡ. ಮೇಟಿ ಸುತ್ತ ಎತ್ತು, ಬಾಯಿಗೆ ಕುಕ್ಕೆ, ರಾತ್ರಿಯೆಲ್ಲ ಹಂತಿ ಪದ. ಆದರೆ ಇಲ್ಲಿ ಕೂತ ಮಕ್ಕಳಲ್ಲಿ ಎಷ್ಟು ಜನ ಹಂತಿ ನೋಡಿದ್ದೀರಿ? ಒಬ್ಬರೂ ಇಲ್ಲ. ಈಗ ತೆನೆಯನ್ನು ಟಾರ್ ರೋಡಿಗೆ ಹರವುತ್ತೇವೆ, ಲಾರಿ ತುಳಿಯುತ್ತೆ. ರಜದಲ್ಲಿ ಊರಿಗೆ ಬಂದಾಗ ಅಜ್ಜನ ಹತ್ತಿರ ಕೂತು ಬರೆದುಕೊಳ್ಳಿ. ಇನ್ನು ಇಪ್ಪತ್ತು ವರ್ಷಕ್ಕೆ ಈ ವಚನ ನಮಗೂ ಪರದೇಶದ್ದಾಗುತ್ತೆ.

ಎಲ್ಲ ಕಡೆಯೂ ನಮ್ಮ ಭಾಷೆ ಹೀಗೆ ಕೈಹಿಡಿಯುವುದಿಲ್ಲ. ಕೆಲವು ಕಡೆ ಕಾಲಿಗೆ ತೊಡರುತ್ತೆ. ಹೀಬ್ರೂದಲ್ಲಿ 'ರೂಅಹ್', ಗ್ರೀಕಿನಲ್ಲಿ 'ಪ್ನ್ಯೂಮ'. ಎರಡಕ್ಕೂ ಗಾಳಿ, ಉಸಿರು, ಆತ್ಮ ಮೂರೂ ಅರ್ಥ. ಯೋಹಾನ 3:8ರಲ್ಲಿ ಯೇಸು ಒಂದೇ ವಚನದಲ್ಲಿ ಅದೇ ಮಾತನ್ನು ಗಾಳಿಗೂ ಆತ್ಮಕ್ಕೂ ಬಳಸುತ್ತಾನೆ. ಕನ್ನಡದಲ್ಲಿ ಅದು ಎರಡು ಪದವಾಗಿ ಒಡೆದುಹೋಗುತ್ತೆ. ಮೊದಮೊದಲು ನಾನು ಯೋಚಿಸಿದೆ, ಯಾಕೆ, ನಮ್ಮಲ್ಲೂ ಗಾಳಿ ಅಂದರೆ ಎರಡೂ ಆಗುತ್ತಲ್ಲ? ಹುಡುಗಿಗೆ ಗಾಳಿ ಸೋಕಿದೆ ಅನ್ನುತ್ತೇವೆ. ಅಲ್ಲೇ ತೊಂದರೆ. ನಮ್ಮ ಗಾಳಿ ಯಾವಾಗಲೂ ಕೆಟ್ಟದ್ದು. ಪವಿತ್ರಾತ್ಮನನ್ನು ಪವಿತ್ರ ಗಾಳಿ ಅಂದು ನೋಡಿ, ಜನ ಮಕ್ಕಳನ್ನು ಎತ್ತಿಕೊಂಡು ಓಡುತ್ತಾರೆ.

ಇದನ್ನೇ ಹಿಡಿದು ಸೇವೆಯ ಒಂದು ಮಾತು. ಗಾಳಿ ಸೋಕಿದೆ ಅಂತ ಮನೆಯವರು ಮಗಳನ್ನು ಪಾಸ್ಟರ್ ಹತ್ತಿರ ಕರೆತರುತ್ತಾರೆ. ಇದು ನಿಮಗೆ ಬಂದೇ ಬರುತ್ತೆ. ಪ್ರಾರ್ಥನೆ ಮಾಡಿ, ಬೇಡ ಅನ್ನುವುದಿಲ್ಲ. ಆದರೆ ಜ್ವರ ಇದೆಯಾ ನೋಡಿ, ಮೂರ್ಛೆ ರೋಗ ಇದೆಯಾ ಕೇಳಿ, ಮನೆಯಲ್ಲಿ ಹೊಡೆಯುತ್ತಾರಾ ಕೇಳಿ. ಅವರ ಜೊತೆ ನೀವೇ ಆಸ್ಪತ್ರೆಗೆ ಹೋಗಿ. ಒಂದು ವಚನದ ಮುಂದೆ ನಿಲ್ಲಲು ಕಲಿತವನು ಒಬ್ಬ ಹೆಣ್ಣುಮಗಳ ಮುಂದೆಯೂ ಸ್ವಲ್ಪ ಹೊತ್ತು ನಿಲ್ಲಬೇಕು. ಅವಸರ ಮಾಡಿದವರಿಂದ ಆದ ಅನಾಹುತ ನಾನು ನೋಡಿದ್ದೇನೆ. ಅದನ್ನು ಇಲ್ಲಿ ಹೇಳುವುದಿಲ್ಲ.

ಈಗ ಬಳ್ಳಾರಿಯ ಮಾತು. ನೀವು ಕೂತಿರುವ ಊರೇ ಕನ್ನಡ ಬೈಬಲಿನ ತವರು. ಲಂಡನ್ ಮಿಶನ್ನಿನ ಜಾನ್ ಹ್ಯಾಂಡ್ಸ್ 1810ರಲ್ಲಿ ಇಲ್ಲಿಗೆ ಬಂದರು. ಕೈಯಲ್ಲಿ ಡಿಕ್ಷನರಿ ಇಲ್ಲ. ಇಲ್ಲಿನ ಮುನ್ಷಿಗಳ ಹತ್ತಿರ ಕೂತು ಕನ್ನಡ ಕಲಿತು ಅನುವಾದಕ್ಕೆ ಇಳಿದರು. ಇಡೀ ಬೈಬಲ್ ಮುಗಿಯುವ ಹೊತ್ತಿಗೆ ಇಪ್ಪತ್ತು ವರ್ಷ ಕಳೆದಿತ್ತು. ಅವರ ಜೊತೆಗಾರ ವಿಲಿಯಂ ರೀವ್ 1824ರಲ್ಲಿ ಇಂಗ್ಲಿಷ್-ಕನ್ನಡ, 1832ರಲ್ಲಿ ಕನ್ನಡ-ಇಂಗ್ಲಿಷ್ ನಿಘಂಟು ತಂದರು. ಕಿಟೆಲ್ ನಿಘಂಟು ಬಂದದ್ದು 1894ರಲ್ಲಿ, ಎಷ್ಟೋ ಆಮೇಲೆ. ಹ್ಯಾಂಡ್ಸ್ ಅನುವಾದದಲ್ಲಿ ತಪ್ಪು ಇರಲಿಲ್ಲವಾ? ಇತ್ತು. ಮುಂದೆ ಬಾಸೆಲ್ ಮಿಶನ್ನಿನವರೂ ಸೇರಿ ತಿದ್ದಿದರು. ನನಗೆ ಬೇಜಾರಾಗುವುದು ಒಂದಕ್ಕೇ. ದೊರೆಗಳ ಹೆಸರು ಉಳಿಯಿತು, ಪಕ್ಕದಲ್ಲಿ ಕೂತು 'ಹೀಗಲ್ಲ, ಹೀಗನ್ನಿ' ಅಂತ ತಿದ್ದಿದ ಮುನ್ಷಿಗಳನ್ನು ಇವತ್ತು ಯಾರೂ ನೆನೆಯುವುದಿಲ್ಲ.

ಮಧ್ಯದಲ್ಲಿ ಒಬ್ಬ ತಂದೆ ಚೀಟಿ ಕಳಿಸಿದ್ದಾರೆ. "ಇದೆಲ್ಲ ಸರಿ, ಡಿಗ್ರಿಗೆ ಬೆಲೆ ಇದೆಯಾ, ಸಂಬಳ ಎಷ್ಟು?" ಒಳ್ಳೆ ಪ್ರಶ್ನೆ. ಮುಚ್ಚುಮರೆ ಮಾಡುವುದಿಲ್ಲ.

ಬೈಬಲ್ ಕಾಲೇಜು ಅಂತ ಬೋರ್ಡು ಹಾಕಿದ್ದೆಲ್ಲ ಒಂದೇ ಅಲ್ಲ. ನಮ್ಮ ದೇಶದಲ್ಲಿ ದೇವಶಾಸ್ತ್ರದ ಡಿಗ್ರಿ ಅಂದರೆ ಮೊದಲು ಬರುವ ಹೆಸರು ಬಂಗಾಳದ ಸೆರಾಂಪುರ. 1818ರಲ್ಲಿ ಶುರುವಾದ ಕಾಲೇಜು. ಆಗ ಆ ಊರು ಡೆನ್ಮಾರ್ಕಿನವರ ಕೈಯಲ್ಲಿತ್ತು. ಡಿಗ್ರಿ ಕೊಡುವ ಅಧಿಕಾರದ ಸನ್ನದು 1827ರಲ್ಲಿ ಡೆನ್ಮಾರ್ಕಿನ ದೊರೆಯಿಂದ ಬಂತು. ಬೆಂಗಳೂರಿನ ಯುನೈಟೆಡ್ ಥಿಯಾಲಾಜಿಕಲ್ ಕಾಲೇಜು, ಮಂಗಳೂರು ಬಲ್ಮಠದ ಕರ್ನಾಟಕ ಥಿಯಾಲಾಜಿಕಲ್ ಕಾಲೇಜು ಇದಕ್ಕೆ ಸೇರಿದವು. ಕನ್ನಡದಲ್ಲಿ ಓದಬೇಕು ಅನ್ನುವವರು ಮಂಗಳೂರನ್ನು ವಿಚಾರಿಸಿ. ಬೇರೆಡೆ ಸೇರುವ ಮೊದಲು ಮೂರು ಪ್ರಶ್ನೆ ಕೇಳಿ. ಡಿಗ್ರಿ ಕೊಡುವವರು ಯಾರು? ನಮ್ಮ ಸಭೆ, ಅಂದರೆ ನಮ್ಮ ಚರ್ಚು, ಇದನ್ನು ಒಪ್ಪುತ್ತಾ? ಮುಂದೆ ಬೇರೆ ಓದಿಗೆ ಅಥವಾ ಸರ್ಕಾರಿ ಕೆಲಸಕ್ಕೆ ಇದು ನಡೆಯುತ್ತಾ? ಬರಹದಲ್ಲಿ ಉತ್ತರ ತಗೊಳ್ಳಿ. ಹೆಣ್ಣುಮಕ್ಕಳೂ ಕೇಳಿ. ಚರ್ಚ್ ಆಫ್ ಸೌತ್ ಇಂಡಿಯಾ (ಸಿಎಸ್‌ಐ), ಮೆಥೋಡಿಸ್ಟ್ ಸಭೆಗಳಲ್ಲಿ ನಿಮಗೂ ಪಾಸ್ಟರ್ ದೀಕ್ಷೆ ಇದೆ, ಕ್ಯಾಥೊಲಿಕ್ ಸಭೆಯಲ್ಲಿ ಇಲ್ಲ.

ಸಂಬಳ ಕಡಿಮೆ. ಸಣ್ಣ ಸಭೆಯಲ್ಲಿ ತೀರಾ ಕಡಿಮೆ. ಜೋಳ ಕೊಡುತ್ತಾರೆ, ಹಬ್ಬಕ್ಕೆ ಬಟ್ಟೆ ಕೊಡುತ್ತಾರೆ. ಮಗನನ್ನು ಅಲ್ಲಿ ಕಳಿಸಿ ಕಾರು ಬರಲಿ ಅಂತ ಕಾಯುವವರಿದ್ದರೆ ಈಗಲೇ ಬೇರೆ ಕೋರ್ಸ್ ನೋಡಿ. ಕಾರು ಬಂದರೆ ನನಗೆ ಸ್ವಲ್ಪ ಅನುಮಾನವೇ ಬರುತ್ತೆ.

ಹೋಗುವ ಮೊದಲು ಮನೆಪಾಠ ಕೊಡುತ್ತೇನೆ. ಇಲ್ಲಿ ತೆಲುಗು ಮನೆಮಾತಿನವರು ಜಾಸ್ತಿ ಇದ್ದೀರಿ. ಕನ್ನಡದಲ್ಲಿ 'ನಾವು' ಅಂದರೆ ಕೇಳುತ್ತಿರುವವನು ಸೇರಿದನೋ ಇಲ್ಲವೋ ಗೊತ್ತಾಗುವುದಿಲ್ಲ. ಗ್ರೀಕಿನಲ್ಲೂ ಗೊತ್ತಾಗುವುದಿಲ್ಲ. ತೆಲುಗಿನಲ್ಲಿ ಗೊತ್ತಾಗಲೇಬೇಕು. ಕೇಳುವವನೂ ಸೇರಿದರೆ 'ಮನಂ', ಅವನನ್ನು ಬಿಟ್ಟರೆ 'ಮೇಮು'. ಮಾರ್ಕ 4:38. ಬಿರುಗಾಳಿ ಎದ್ದಿದೆ, ದೋಣಿಗೆ ನೀರು ತುಂಬುತ್ತಿದೆ. ಯೇಸು ಹಿಂದುಗಡೆ ದಿಂಬಿನ ಮೇಲೆ ತಲೆಯಿಟ್ಟು ಮಲಗಿದ್ದಾನೆ. ಶಿಷ್ಯರು ಎಬ್ಬಿಸಿ, ಗುರುವೇ, ನಾವು ಮುಳುಗಿ ಸಾಯುತ್ತಿದ್ದೇವೆ, ನಿನಗೆ ಚಿಂತೆಯಿಲ್ಲವೇ ಅನ್ನುತ್ತಾರೆ.

ಆ 'ನಾವು' ಮನಂ ಆಗಬೇಕಾ, ಮೇಮು ಆಗಬೇಕಾ? ಅವನೂ ಅದೇ ದೋಣಿಯಲ್ಲಿ ಇದ್ದಾನಲ್ಲ. ತೆಲುಗು ಬೈಬಲ್ ತೆಗೆದು ನೋಡುವ ಮೊದಲು ಮನೆಯಲ್ಲಿ ಅಜ್ಜಿಗೆ ಈ ಕಥೆ ಹೇಳಿ, ಅವರ ಬಾಯಲ್ಲಿ ಯಾವುದು ಬರುತ್ತೆ ಕೇಳಿ, ಯಾಕೆ ಅಂತಲೂ ಕೇಳಿ. ಬರುವ ಭಾನುವಾರ ಆರಾಧನೆ ಮುಗಿದ ಮೇಲೆ ನಾನು ಇಲ್ಲೇ ಇರುತ್ತೇನೆ. ಬೋರ್ಡು ಒರೆಸಬೇಡಿ.